ಡಬ್ಬಿ ಇಲ್ಲದ ಸ್ಪೀಕರ್, ಪರಸಿ ಕಲ್ಲಿನ ಪಡಸಾಲೆ

"ಮಾತು ತಿಳೀವಲ್ದು ತಮ್ಮಾ. ಬರೇ ಗುಂ ಅಂತದ."

ಅವ್ವ ಇದನ್ನು ಹೇಳಿ ಹೇಳಿ ಸಾಕಾಗಿ, ಪಡಸಾಲೆಯಲ್ಲಿ ವಚನ ಕೇಳುವುದನ್ನೇ ಬಿಟ್ಟಿದ್ದಳು. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಗೆ ಮೊಬೈಲ್ ಒರಗಿಸಿ, ರೊಟ್ಟಿ ಬಡಿಯುತ್ತಾ ಅದರಲ್ಲೇ ಕೇಳುತ್ತಿದ್ದಳು. ಪಡಸಾಲೆಯಲ್ಲಿ ನಾನು ಎರಡು ವರ್ಷ ದುಡ್ಡು ಕೂಡಿಸಿ ತಂದ ದೊಡ್ಡ ಸ್ಪೀಕರ್‌ಗಳಿದ್ದವು. ಕೆಟ್ಟ ಸ್ಪೀಕರ್ ಅಲ್ಲ ಅವು. ಗೆಳೆಯನ ಮನೆಯಲ್ಲಿ, ಸೋಫಾ, ಪರದೆ, ಪುಸ್ತಕ ತುಂಬಿದ ಕೋಣೆಯಲ್ಲಿ ಇಟ್ಟು ಕೇಳಿದಾಗ ಎಷ್ಟು ಚೆಂದ ಹಾಡಿದ್ದವು! ನಮ್ಮ ಮನೆಗೆ ಬಂದ ಮೇಲೆ ದನಿ ಕೆಟ್ಟಿತು.

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮನೆ. ಪಡಸಾಲೆ 14 ಅಡಿ ಉದ್ದ, 12 ಅಡಿ ಅಗಲ. ನೆಲಕ್ಕೆ ಶಹಾಬಾದ್ ಪರಸಿ, ಸುತ್ತ ಕಲ್ಲಿನ ಗೋಡೆ, ಮೇಲೆ ಆರ್‌ಸಿಸಿ. ಮೆತ್ತಗಿನದು ಅಂದರೆ ಅವ್ವನ ಮಂಚದ ಮೇಲಿನ ಕೌದಿ ಒಂದೇ. ಇಂಥ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಕೆಲವು ದನಿಗಳು ಸಿಕ್ಕಿಕೊಂಡುಬಿಡುತ್ತವೆ. 14 ಅಡಿಗೆ ಲೆಕ್ಕ ಹಾಕಿದರೆ 40 ಹರ್ಟ್ಸ್, ಅಂದರೆ ಸೆಕೆಂಡಿಗೆ 40 ಕಂಪನ, ಅದರ ಎರಡರಷ್ಟು 80. 12 ಅಡಿಗೆ 47 ಮತ್ತು 94. ಗಂಡಸರ ದನಿಯ ತಳ ಇರುವುದೂ 100ರ ಆಸುಪಾಸಿನಲ್ಲೇ. ಹಾಡುವವನು ಒಂದು ಅಕ್ಷರ ಬಿಟ್ಟು ಮುಂದಿನದಕ್ಕೆ ಹೋದರೂ ಹಿಂದಿನದು ಗೋಡೆಗಳ ನಡುವೆ ಗುಂಯ್‌ಗುಡುತ್ತಲೇ ಇರುತ್ತದೆ. ನಮ್ಮೂರ ಕೋಟೆಯ ಜಾಮಾ ಮಸೀದಿ 1367ರದು, ಬಯಲು ಅಂಗಳವಿಲ್ಲದೆ ಪೂರ್ತಿ ಸೂರಿನಡಿ ಇರುವ ಕಟ್ಟಡ. ಅಲ್ಲಿ ಕಮಾನುಗಳ ನಡುವೆ ನಿಂತು ಮೆಲ್ಲಗೆ ಮಾತಾಡಿದರೂ ದನಿ ಹಿಂದೆಯೇ ಸುಳಿದಾಡುತ್ತದೆ. ಅಲ್ಲಿ ಅದು ಚೆಂದ. ಇಷ್ಟುದ್ದದ ಪಡಸಾಲೆಯಲ್ಲಿ ಹಾಗಾದರೆ ಮಾತಿನ ಮೇಲೆ ಮಾತು ಬೀಳುತ್ತದೆ.

ಕಲ್ಲು ಕಿತ್ತು ಹಾಕೋಕೆ ಆಗಲ್ಲ, ಅಲ್ವಾ? ಹಾಗಾಗಿ ಸ್ಪೀಕರನ್ನೇ ಬದಲಿಸೋಣ ಅಂತ ಹೊರಟೆ. ಓದುತ್ತಾ ಹೋದಾಗ ಓಪನ್ ಬ್ಯಾಫಲ್ ಸಿಕ್ಕಿತು. ಡಬ್ಬಿಯೇ ಇಲ್ಲ. ಒಂದು ಹಲಗೆ, ಅದರಲ್ಲಿ ತೂತು, ತೂತಿನಲ್ಲಿ ಸ್ಪೀಕರ್. ಹಿಂಬದಿ ಪೂರ್ತಿ ಬಯಲು.

ಮೇ ತಿಂಗಳ ಒಂದು ರವಿವಾರ ಬೆಳಿಗ್ಗೆ ಏಳಕ್ಕೇ ಬಡಿಗ ಕಾಕಾ ಬಂದರು. ಬಿಸಿಲು ಏರುವ ಮೊದಲೇ ಕೊಯ್ಯುವ ಕೆಲಸ ಮುಗಿಸಬೇಕಿತ್ತು. ನಮ್ಮ ಮನೆಯ ಕಿಟಕಿ ಬಾಗಿಲೆಲ್ಲ ಅವರ ಕೈಯವೇ. 18 ಎಂಎಂ ಪ್ಲೈವುಡ್ ಹಾಳೆಯನ್ನು ಬೆರಳಿನಿಂದ ಬಡಿದು ನೋಡಿ, ನನ್ನ ಚಿತ್ರ ನೋಡಿದರು.

"ಡಬ್ಬಿ ಮಾಡೋದಿಲ್ಲೇನ್ರಿ? ಬರೇ ಹಲಗಿ?"

"ಹೌದು ಕಾಕಾ, ಬರೇ ಹಲಗಿ. ಹಳೇ ರೇಡಿಯೊ ನೆನಪದ ಏನ್ರಿ? ಹಿಂದ ತೂತಿನ ರಟ್ಟು ಇರ್ತಿತ್ತಲ್ಲ?"

"ಹಾಂ ಹಾಂ. ಅದರ ದನಿ ಮಸ್ತ್ ಇರ್ತಿತ್ತು ನೋಡ್ರಿ."

ನನಗೆ ಅಷ್ಟು ಸಾಕಿತ್ತು. ಇದು ಹೊಸ ಉಪಾಯವೇ ಅಲ್ಲ. ಈಗ ನಾವು ಬಳಸುವಂಥ ಕಾಯಿಲ್ ಸ್ಪೀಕರನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ 1925ರಲ್ಲಿ ಜನರ ಮುಂದಿಟ್ಟಾಗ ಅವರೂ ಹಲಗೆಯ ವಿಷಯ ಮಾತಾಡಿದ್ದರು. ಗಾಳಿ ಬಿಗಿಯಾಗಿ ಮುಚ್ಚಿದ ಸಣ್ಣ ಡಬ್ಬಿಯಿಂದ ಆಳದ ಬೇಸ್ ತೆಗೆಯುವ ದಾರಿಯನ್ನು ಎಡ್ಗರ್ ವಿಲ್ಚರ್ ತೋರಿಸಿದ್ದು 1954ರಲ್ಲಿ. ಡಬ್ಬಿ ಗೆದ್ದಿತು, ಗೆಲ್ಲಲು ಕಾರಣವೂ ಇತ್ತು. ಆ ಕಾರಣ ನನಗೆ ಅವತ್ತೇ ಮಧ್ಯಾಹ್ನದೊಳಗೆ ಕೈಗೆ ಸಿಕ್ಕಿತು.

ತೂತು ಕೊಯ್ದಾಗಿತ್ತು. ಕೂರಿಸುವ ಮೊದಲು ದಪ್ಪ, ತೆಳು ಎಲ್ಲ ದನಿಗೂ ಒಂದೇ ಆಗುವ 8 ಇಂಚಿನ ಫುಲ್‌ರೇಂಜ್ ಸ್ಪೀಕರನ್ನು ಕೈಯಲ್ಲೇ ಹಿಡಿದು, ವೈರ್ ಕೊಟ್ಟು ಹಾಡು ಹಚ್ಚಿದೆ. ಕೀರಲು ದನಿ. ತಬಲಾದಲ್ಲಿ ಎಡ ಇಲ್ಲವೇ ಇಲ್ಲ, ಬರೇ ಟಕಟಕ. ಕಾಕಾ ಮುಖ ಕಿವುಚಿದರು. ಹಾಡು ಹಾಗೇ ನಡೆಯುತ್ತಿರುವಾಗ ಸ್ಪೀಕರನ್ನು ಮೆಲ್ಲಗೆ ಹಲಗೆಯ ತೂತಿಗೆ ಒತ್ತಿದೆ. ಹಾಡುವವನಿಗೆ ಎದೆ ಬಂತು! ತೆಗೆದೆ, ಎದೆ ಹೋಯಿತು. ಮತ್ತೆ ಒತ್ತಿದೆ, ಬಂತು. ಕಾಕಾ ನನ್ನ ಕೈಯಿಂದ ಇಸಿದುಕೊಂಡು ತಾವೇ ನಾಲ್ಕೈದು ಸಲ ಮಾಡಿ ನೋಡಿದರು.

ಸ್ಪೀಕರಿನಲ್ಲಿ ಅಲುಗಾಡಿ ದನಿ ಹುಟ್ಟಿಸುವ ಕೋನ್ ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲಾಗುತ್ತದೆ. ದಪ್ಪ ದನಿಗೆ ಅಲೆ ಉದ್ದ. 100 ಹರ್ಟ್ಸ್ ಅಲೆ ಸುಮಾರು 3.4 ಮೀಟರ್. ಅಷ್ಟುದ್ದದ ಅಲೆಗೆ ಸಣ್ಣ ಸ್ಪೀಕರಿನ ಅಂಚು ದಾಟುವುದು ಏನೂ ಅಲ್ಲ. ಹಿಂದಿನದು ಮುಂದೆ ಬಂದು, ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಹಲಗೆ ಇಟ್ಟರೆ ದಾರಿ ಉದ್ದವಾಗುತ್ತದೆ, ಅಷ್ಟೇ. ನಮ್ಮ ಹಲಗೆ 60 ಸೆಂಟಿಮೀಟರ್ ಅಗಲ. ಅದು ಕಾಪಾಡುವುದು ಸುಮಾರು 200 ಹರ್ಟ್ಸ್ ತನಕ. ಅಲ್ಲಿಂದ ಒಂದೊಂದು ಸಪ್ತಕ ಇಳಿದಂತೆ, ಅಂದರೆ ಹರ್ಟ್ಸ್ ಅರ್ಧರ್ಧವಾದಂತೆ, 6 ಡೆಸಿಬೆಲ್ ಸೋರಿಹೋಗುತ್ತದೆ. 50 ಹರ್ಟ್ಸ್ ತನಕ ಕಾಪಾಡಬೇಕಾದರೆ ಎರಡು ಮೀಟರ್ ಮೀರಿದ ಹಲಗೆ ಬೇಕು, ಅದೂ ಎರಡು. ಪಡಸಾಲೆಯಲ್ಲಿ ಆಮೇಲೆ ಮನುಷ್ಯರಿಗೆ ಜಾಗ ಇರಲ್ಲ.

ಹಾಗಾಗಿ ಕೆಳಗೆ 15 ಇಂಚಿನ ವೂಫರ್, ಅಂದರೆ ದಪ್ಪ ದನಿಗೆಂದೇ ಇರುವ ಸ್ಪೀಕರ್, ಹಾಕಿದೆವು. ಇದರಲ್ಲಿ ನಾನು ಮೊದಲು ಎಡವಿದ್ದೆ. ಬೇರೊಂದು ಡಬ್ಬಿಯಿಂದ ಬಿಚ್ಚಿದ ಒಳ್ಳೆ ವೂಫರ್ ಮನೆಯಲ್ಲೇ ಇತ್ತು, ಅದನ್ನೇ ಒಂದು ಹಳೇ ಹಲಗೆಗೆ ಕೂರಿಸಿ ನೋಡಿದ್ದೆ. ಬೇಸ್ ಸತ್ತೇ ಹೋಗಿತ್ತು. ಅದರ ಮ್ಯಾಗ್ನೆಟ್ ಬಲವಾದದ್ದು, ಕೋನನ್ನು ಬಿಗಿಯಾಗಿ ಹಿಡಿದಿರುತ್ತದೆ. ಡಬ್ಬಿಗೆ ಅದು ಗುಣ, ಹಲಗೆಗೆ ಅದೇ ದೋಷ. ಕ್ಯೂಟಿಎಸ್ ಎಂಬ ಅಳತೆ ಇದನ್ನು ಹೇಳುತ್ತದೆ, ಹಿಡಿತ ಬಿಗಿಯಾದಷ್ಟೂ ಅಂಕಿ ಕಡಿಮೆ. ಡಬ್ಬಿಯಿಂದ ಬಿಚ್ಚಿದ ಆ ವೂಫರಿನದು 0.35 ಇತ್ತು. ಹಲಗೆಗೆ 0.7 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೆಳಗಿನ ದನಿ ತಾನಾಗಿಯೇ ಸ್ವಲ್ಪ ಎದ್ದು ನಿಂತು, ಸೋರಿದ್ದನ್ನು ಒಂದಿಷ್ಟು ತುಂಬಿಕೊಡುತ್ತದೆ. ದುಡ್ಡು ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಕೆಳಭಾಗಕ್ಕೆ ಮಾತ್ರ ಎರಡೂ ಬದಿಗೆ ಒಂದೊಂದು ಗೇಣು ರೆಕ್ಕೆ ಹಿಂದಕ್ಕೆ ಚಾಚುವಂತೆ ಕಾಕಾ ಕೂರಿಸಿದರು. ಇನ್ನೂ ಆಳ ಮಾಡಬಹುದಿತ್ತು. ಆದರೆ ರೆಕ್ಕೆ ಉದ್ದವಾದಷ್ಟೂ ಅದು ಅರ್ಧ ಡಬ್ಬಿಯಾಗಿ, ಕೊಳವೆಯಲ್ಲಿ ಊದಿದ ಹಾಗೆ ತನ್ನದೇ ದನಿ ಸೇರಿಸತೊಡಗುತ್ತದೆ.

ಸಂಜೆ ಇಬ್ಬರೂ ಸೇರಿ ಹಲಗೆಗಳನ್ನು ಮಾಳಿಗೆಗೆ ಹೊತ್ತೆವು. ಗೋಡೆ, ಸೂರು ಇಲ್ಲದ ಕಡೆ ಒಮ್ಮೆ ಕೇಳಬೇಕೆಂಬುದು ನನ್ನ ಆಸೆ. ಮಾಳಿಗೆ ಇನ್ನೂ ಕಾದಿತ್ತು, ನೀರು ಹೊಡೆದು ಕೂತೆವು. ಒಂದನ್ನೇ ಹಚ್ಚಿ ಕಾಕಾಗೆ ಸುತ್ತ ನಡೆಯಿರಿ ಅಂದೆ. ಎದುರಿನಿಂದ ಹೊರಟು, ಹಲಗೆಯ ಅಂಚಿನ ನೇರಕ್ಕೆ ಬಂದವರು ಅಲ್ಲೇ ನಿಂತರು.

"ಅರೆ, ಇಲ್ಲಿ ದನಿನೇ ಹೋಯ್ತಲ್ರಿ!"

ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಅಂಚಿನ ನೇರದಲ್ಲಿ ದನಿ ಬತ್ತಿ, ಹಿಂದೆ ಹೋದರೆ ಮತ್ತೆ ತುಂಬಿ ಬರುತ್ತಿತ್ತು. ಎಂಟರ ಅಂಕಿ ಅಡ್ಡ ಬಿದ್ದ ಹಾಗೆ ಈ ದನಿಯ ಹರವು. ನಮ್ಮ ಪಡಸಾಲೆಗೆ ಬೇಕಾಗಿದ್ದದ್ದು ಇದೇ. ಪಕ್ಕದ ಗೋಡೆಗೆ, ನೆಲಕ್ಕೆ, ಸೂರಿಗೆ ಹೋಗುವ ದನಿ ಕಡಿಮೆ. ಎದುರು ಕೂತವರಿಗೆ ಅಷ್ಟೇ ಜೋರಾಗಿ ಕೇಳಿಸುವಾಗಲೂ ಕೋಣೆಗೆ ಸುರಿಯುವ ಒಟ್ಟು ಶಕ್ತಿ, ಎಲ್ಲ ಕಡೆ ಹರಡುವ ಸ್ಪೀಕರಿನದರ ಮೂರನೇ ಒಂದು ಪಾಲು ಮಾತ್ರ. ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಎಂಬ ಎಂಜಿನಿಯರ್ 2018ರಲ್ಲಿ ತೀರಿಕೊಳ್ಳುವ ತನಕ ಇದೇ ಗುಣದ ಹಿಂದೆ ಬಿದ್ದಿದ್ದರು. 1957ರ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿಗೂ ಡಬ್ಬಿ ಇರಲಿಲ್ಲ, ಮಾತಿನ ಸ್ಪಷ್ಟತೆಗೆ ಜನ ಅದನ್ನು ಇಂದಿಗೂ ನೆನೆಯುತ್ತಾರೆ.

ಮಾಳಿಗೆಯ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಒಂದು ಧ್ವನಿಮುದ್ರಿಕೆ ಹಾಕಿದೆ. ಬೇಸ್ ತೆಳುವಾಗಿತ್ತು, ಅದು ನಿಜ. ಆದರೆ ತಂಬೂರಿಯ ಜವಾರಿ! ತಂತಿ ತನ್ನನ್ನು ಹೊತ್ತ ಕುದುರೆ ಎಂಬ ಪಟ್ಟಿಯನ್ನು ಸವರುವಾಗ ಹುಟ್ಟುವ ಆ ಝೇಂಕಾರ ಒಂದೊಂದು ಎಳೆಯಾಗಿ ಬಿಚ್ಚಿಕೊಂಡಿತು. ದನಿ ಹಲಗೆಯಿಂದ ಬರುತ್ತಿದೆ ಅನ್ನಿಸಲಿಲ್ಲ, ಹಲಗೆಯ ಹಿಂದೆ ಯಾರೋ ಕೂತು ಹಾಡುತ್ತಿದ್ದಾರೆ ಅನ್ನಿಸಿತು. ಡಬ್ಬಿಯೊಳಗೆ ಬಡಿದು, ತೆಳು ಕೋನಿನ ಮೂಲಕ ಮತ್ತೆ ಹೊರಬರುವ ದನಿ ಇಲ್ಲಿ ಇಲ್ಲವಲ್ಲ, ಅದರ ಫಲ. ಇದನ್ನು ಕೇಳಿದ ಮೇಲೆ ನನಗೆ ಹಿಂದಿರುಗುವ ಮನಸ್ಸಾಗಲಿಲ್ಲ.

ಆಮೇಲೆ ಕಾಕಾ ಡೊಳ್ಳು ಹಚ್ಚಿ ಅಂದರು. ಈಕ್ವಲೈಜರಿನಲ್ಲಿ ಕೆಳಗಿನದನ್ನು ಏರಿಸಿ ದನಿ ಹೆಚ್ಚಿಸಿದೆ. ನಾಲ್ಕನೇ ಪೆಟ್ಟಿಗೆ ವೂಫರಿನಿಂದ ಟಕ್ ಅಂತ ಸದ್ದು. ಕಾಯಿಲ್ ತಳಕ್ಕೆ ಬಡಿದಿತ್ತು. ತಕ್ಷಣ ನಿಲ್ಲಿಸಿದೆ, ಪುಣ್ಯಕ್ಕೆ ಏನೂ ಹರಿದಿರಲಿಲ್ಲ. ಅಷ್ಟೇ ಜೋರು ಬೇಕೆಂದರೆ, ಒಂದು ಸಪ್ತಕ ಇಳಿದಾಗ ಮುಚ್ಚಿದ ಡಬ್ಬಿಯ ಕೋನ್ ನಾಲ್ಕು ಪಟ್ಟು ಓಡಾಡಬೇಕು, ಹಲಗೆಯದು ಎಂಟು ಪಟ್ಟು. ಆಂಪ್ಲಿಫೈಯರ್‌ನ ಶಕ್ತಿ ಏರಿಸಿದರೆ ಈ ಕೊರತೆ ತುಂಬಲ್ಲ, ಕೋನಿಗೆ ಓಡಾಡಲು ಜಾಗವೇ ಇರಲ್ಲ. 45 ಹರ್ಟ್ಸ್‌ನಿಂದ ಕೆಳಗಿನದನ್ನು ಕತ್ತರಿಸಿಬಿಟ್ಟೆ. ಡೊಳ್ಳು ಹೊಟ್ಟೆಗೆ ಬಡಿಯಬೇಕು ಅನ್ನುವವರು ಇದನ್ನು ಮಾಡಿಸಲೇಬಾರದು, ಬೇಜಾರಾಗುತ್ತಾರೆ. ಕಾಕಾ ಸ್ವಲ್ಪ ಬೇಜಾರಾದರು ಕೂಡ.

ರಾತ್ರಿ ಹಲಗೆಗಳು ಪಡಸಾಲೆಗೆ ಇಳಿದವು. ಗೋಡೆಗೆ ಅಂಟಿಸಿದರೆ ಹಿಂದಿನ ದನಿ ತಕ್ಷಣ ಮರಳಿ ಬಂದು ಮುಂದಿನದನ್ನು ಕೆಡಿಸುತ್ತದೆ. ಗೋಡೆಯಿಂದ ಒಂದು ಮೀಟರ್ ಮುಂದೆ ತಂದರೆ ಅದು ಸುಮಾರು 6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ಕಿವಿ ಅದನ್ನು ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಹಿಂದಿನ ಗೋಡೆಗೆ ಕೌದಿ ಇಳಿಬಿಟ್ಟು ನೋಡಿದೆ. ತಾಳದ ಮಿಂಚು ಮಂಕಾಯಿತು, ಕೆಳಗಿನ ದನಿಗೆ ಏನೂ ಆಗಲಿಲ್ಲ. ತೆಗೆದೆ. ಆದರೆ 14 ಅಡಿಯಲ್ಲಿ ಒಂದು ಮೀಟರ್ ಕೇಳುವುದು ಅಂದರೆ ಅವ್ವನ ಮಂಚವನ್ನು ಕೇಳಿದ ಹಾಗೆ. ನಾನು ಬಾಯಿ ಬಿಡಲಿಲ್ಲ. ಸುಮ್ನೆ ವಚನ ಹಚ್ಚಿ ಅಡುಗೆಮನೆ ಬಾಗಿಲ ಕಡೆ ನೋಡುತ್ತಾ ಕೂತೆ.

ಅವ್ವ ಬಂದು ಮಂಚದ ತುದಿಗೆ ಕೂತಳು. ಒಂದು ವಚನ ಮುಗಿಯಿತು, ಎರಡನೆಯದು ಶುರುವಾಯಿತು.

"ಈಗ ಮಾತು ತಿಳೀಲಿಕತ್ತದ ನೋಡು," ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಹಿಂದ ಇನ್ನೊಬ್ಬಾಕಿ ಹಾಡ್ತಾಳಲ್ಲ? ಇಷ್ಟು ದಿನ ಕೇಳಿದ್ದೇ ಇಲ್ಲ," ಅಂದಳು.

ನಾನು ಸುಣ್ಣದ ಕಡ್ಡಿಯಿಂದ ಪರಸಿಯ ಮೇಲೆ ಹಲಗೆಯ ಕಾಲಿನ ಗುರುತು ಹಾಕಿಕೊಂಡೆ. ಬಲಗಡೆಯದನ್ನು ಇನ್ನೊಂದು ಗೇಣು ಮುಂದೆ ತರಬೇಕು. ಮಂಚ ಕಿಟಕಿ ಕಡೆ ಸರಿಸು ಅಂತ ಅವ್ವನೇ ಹೇಳಿದ್ದಾಳೆ.