ಒಡವೆ ಅಂಗಡಿಯ ಲೆಕ್ಕದಿಂದ ಷೇರು ಕಲಿತದ್ದು

ನಾನು ದಾವಣಗೆರೆಯ ಒಂದು ಒಡವೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದಾಸ್ತಾನು ಎಷ್ಟು, ಮಜೂರಿ ಎಷ್ಟು, ಹಳೆ ಚಿನ್ನ ಎಷ್ಟು ಬಂತು, ಬಾಕಿ ಯಾರದ್ದು, ದಿನವೂ ಇದೇ ಕೆಲಸ. ಷೇರು ಪೇಟೆ ಕಲಿಯಬೇಕು ಅಂತ ಮನಸ್ಸಾದಾಗ ನಾನು ಹೊರಟಿದ್ದೂ ಇಲ್ಲಿಂದಲೇ. ಈಗ ಯಾರಾದರೂ ಕೇಳಿದರೆ ಹೇಳುವುದೂ ಅದನ್ನೇ: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವ್ಯಾಪಾರ ಇದ್ದೇ ಇರುತ್ತದೆ. ಅದೇ ವ್ಯಾಪಾರ ಮಾಡುವ ಒಂದು ಕಂಪನಿ ಹುಡುಕಿ, ಅದರ ವಾರ್ಷಿಕ ವರದಿ ಓದಿ. ಖರೀದಿ ಆಮೇಲೆ.

ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನಿಗೆ ಇದು ಹಿಡಿಸಲಿಲ್ಲ. "ಅಕ್ಕಾ, ಮುನ್ನೂರು ಪುಟ ಯಾರು ಓದ್ತಾರೆ? ಬೆಲೆ ಏರಿಳಿತದ ಚಾರ್ಟ್ ನೋಡಿದ್ರೆ ಸಾಕು" ಅಂದ. "ಯಾರದೋ ಅಂಗಡಿಗೆ ಪಾಲುದಾರ ಆಗು ಅಂದ್ರೆ ಲೆಕ್ಕದ ಪುಸ್ತಕ ನೋಡದೇ ದುಡ್ಡು ಕೊಡ್ತೀಯೇನೋ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಲ್ಲಿ ಸಿಗುತ್ತೆ ಅದು?" ಅಂದ. ಕಂಪನಿಯ ವೆಬ್‌ಸೈಟಿನಲ್ಲಿ, ಬಿಎಸ್‌ಇ ಮತ್ತು ಎನ್‌ಎಸ್‌ಇ ಎಂಬ ಷೇರು ವಿನಿಮಯ ಕೇಂದ್ರಗಳ ವೆಬ್‌ಸೈಟುಗಳಲ್ಲಿ ಪುಕ್ಕಟೆ ಸಿಗುತ್ತದೆ. ಷೇರು ಇರಲೇಬೇಕು ಅಂತಿಲ್ಲ.

ನಾನು ಮೊದಲು ಓದಿದ್ದು ಟೈಟನ್ ಕಂಪನಿಯ ವರದಿ. ಇದನ್ನು ಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಸಲಹೆ ಕೊಡಲು ಷೇರು ಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಣಿ ಆಗಿರಬೇಕು, ನನ್ನದು ಆಗಿಲ್ಲ. ಓದುವುದು ಹೇಗೆ ಅಂತ ತೋರಿಸಲು ನನಗೆ ಗೊತ್ತಿರುವ ಉದಾಹರಣೆ ಕೊಡುತ್ತಿದ್ದೇನೆ, ಅಷ್ಟೇ.

ಟೈಟನ್ ಅಂದ್ರೆ ಕೈಗಡಿಯಾರ ಅಲ್ವಾ? 1984ರಲ್ಲಿ ಶುರುವಾಗಿದ್ದೂ ಟೈಟನ್ ವಾಚಸ್ ಅಂತಲೇ, ಕಾರ್ಖಾನೆ ಹೊಸೂರಿನಲ್ಲಿ. ಆದರೆ ಯಾವ ವಿಭಾಗದಿಂದ ಎಷ್ಟು ಆದಾಯ ಎಂಬ ಪುಟ ತೆರೆದರೆ ಬಹುದೊಡ್ಡ ಪಾಲು ಒಡವೆಯದು. ಕಂಪನಿಯ ಒಡವೆ ಬ್ರ್ಯಾಂಡ್ ತನಿಷ್ಕ್ ಮುಂದೆ ವಾಚು, ಕನ್ನಡಕ ಎರಡೂ ಸೇರಿದರೂ ಸಣ್ಣವು. ಇನ್ನೊಂದು ಪುಟದಲ್ಲಿ ಷೇರು ಯಾರ ಹತ್ತಿರ ಎಷ್ಟಿದೆ ಎಂಬ ಪಟ್ಟಿ. ಟಾಟಾ ಕಂಪನಿ ಅಂತ ಎಲ್ಲರೂ ಹೇಳುತ್ತೇವೆ. ಆದರೆ ಅಲ್ಲಿ ತಮಿಳುನಾಡು ಸರ್ಕಾರದ ಟಿಡ್ಕೊ ಸಂಸ್ಥೆಯ ಹತ್ತಿರ ಸುಮಾರು ಶೇ 28 ಷೇರು ಇದೆ, ಟಾಟಾ ಸಮೂಹಕ್ಕಿಂತ ಸ್ವಲ್ಪ ಜಾಸ್ತಿ. ಈ ಎರಡೂ ಸಂಗತಿ ಯಾವ ಚಾರ್ಟಿನಲ್ಲೂ ಕಾಣುವುದಿಲ್ಲ.

ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ಬ್ಯಾಲೆನ್ಸ್ ಶೀಟು, ಅಂದರೆ ಕಂಪನಿಯ ಆಸ್ತಿ ಎಷ್ಟು, ಸಾಲ ಎಷ್ಟು ಎಂಬ ಪಟ್ಟಿ. ನಮ್ಮ ಅಂಗಡಿಯಲ್ಲೂ ತಿಂಗಳ ಕಂತಿನ ಸ್ಕೀಮ್ ಇದೆ. ಗಿರಾಕಿ ಕಟ್ಟಿದ ಹಣ ಗಲ್ಲಾಪೆಟ್ಟಿಗೆಯಲ್ಲೇ ಇದ್ದರೂ ಅದು ಅಂಗಡಿಯದಲ್ಲ, ಒಡವೆ ಕೊಡುವ ತನಕ ನಮ್ಮ ಮೇಲಿನ ಋಣ. ಆ ದೊಡ್ಡ ಕಂಪನಿಯ ಪಟ್ಟಿಯಲ್ಲೂ ಗಿರಾಕಿಗಳ ಮುಂಗಡ ಸಾಲದ ಕಡೆಗೇ ಇತ್ತು. ಅದರ ಹತ್ತಿರವೇ ಚಿನ್ನದ ಸಾಲ. ಬ್ಯಾಂಕಿನಿಂದ ರೊಕ್ಕದ ಬದಲು ಚಿನ್ನವನ್ನೇ ತಂದು ಒಡವೆ ಮಾಡಿ, ದರವನ್ನು ಆಮೇಲೆ ಗೊತ್ತು ಮಾಡಿಕೊಳ್ಳುತ್ತಾರೆ. ಹೀಗೆ ಮಾಡಿದರೆ ನಡುವೆ ಚಿನ್ನ ಏರಿದರೂ ಇಳಿದರೂ ಹೊಡೆತ ಕಡಿಮೆ. ಅಂಕಿಗಳಿಗೆ ಸೊನ್ನೆ ಜಾಸ್ತಿ ಇದ್ದವು, ವ್ಯಾಪಾರ ಮಾತ್ರ ನಮ್ಮದೇ.

2024ರ ಜುಲೈ 23ರ ಬಜೆಟ್ ನನಗೆ ಬಹಳ ಕಲಿಸಿತು. ಚಿನ್ನದ ಆಮದು ಸುಂಕ ಶೇ 15ರಿಂದ 6ಕ್ಕೆ ಇಳಿಯಿತು. ಇಲ್ಲಿನ ದರವೂ ಅವತ್ತೇ ಕುಸಿಯಿತು. ಚಿನ್ನ ಅಗ್ಗವಾದರೆ ಜನ ಕೊಳ್ಳುತ್ತಾರೆ ಅಂತ ಟೈಟನ್ ಷೇರು ಅದೇ ದಿನ ಚೆನ್ನಾಗಿ ಏರಿತು. ನಾನು ಮಾತ್ರ ದಾಸ್ತಾನಿನ ಬಗ್ಗೆ ಯೋಚಿಸುತ್ತಿದ್ದೆ. ಹಳೆ ಸುಂಕ ಕಟ್ಟಿ ತಂದ ಚಿನ್ನ ಕಪಾಟಿನಲ್ಲಿದೆ, ಮಾರಬೇಕಾಗಿರುವುದು ಹೊಸ ದರಕ್ಕೆ. ಚಿನ್ನದ ಬೆಲೆಯ ಏರಿಳಿತಕ್ಕೆ ರಕ್ಷಣೆ ಮಾಡಿಕೊಳ್ಳಬಹುದು, ಸರ್ಕಾರ ಸುಂಕ ಬದಲಿಸಿದರೆ ಏನು ಮಾಡುವುದು? ಆ ತ್ರೈಮಾಸಿಕದ ಫಲಿತಾಂಶದಲ್ಲಿ ಅದೇ ಕಂಡಿತು. ಮಾರಾಟ ಹೆಚ್ಚಿತ್ತು, ಲಾಭ ಹಿಂದಿನ ವರ್ಷಕ್ಕಿಂತ ಇಳಿದಿತ್ತು, ಸುಂಕದ ನಷ್ಟವನ್ನು ಕಂಪನಿ ಬಿಡಿಸಿ ಹೇಳಿತ್ತು. ಒಂದೇ ಸುದ್ದಿ ಷೇರಿನ ಬೆಲೆಗೆ ಒಂದು ಥರ, ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಥರ. ಇದು ಒಂದು ಸಲದ ನಷ್ಟವೋ, ಪ್ರತಿ ವರ್ಷ ಬರುವಂಥದ್ದೋ? ಹೂಡಿಕೆ ಮಾಡುವವರು ಕೇಳಬೇಕಾದ ಪ್ರಶ್ನೆ ಇದು.

ಅದೇ ಬಜೆಟ್ಟಿನಲ್ಲಿ ನಮ್ಮ ತೆರಿಗೆಯೂ ಬದಲಾಯಿತು. ಷೇರನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ, ಆರ್ಥಿಕ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕೆ ಶೇ 12.5. ವರ್ಷ ತುಂಬುವ ಮೊದಲೇ ಮಾರಿದರೆ ಶೇ 20. ಜೊತೆಗೆ ಕೊಳ್ಳುವಾಗಲೂ ಮಾರುವಾಗಲೂ ಶೇ 0.1 ವಹಿವಾಟು ತೆರಿಗೆ, ಮಾರುವಾಗ ಡಿಪಿ ಶುಲ್ಕ, ಅಂದರೆ ಖಾತೆಯಿಂದ ಷೇರು ಹೊರಹೋಗುವುದಕ್ಕೆ ಕೊಡುವ ಶುಲ್ಕ. ಪದೇ ಪದೇ ಕೊಂಡು ಮಾರಿದರೆ ಇವೇ ಎಷ್ಟು ತಿನ್ನುತ್ತವೆ ಅಂತ ಒಮ್ಮೆ ಕಾಗದದಲ್ಲಿ ಕೂಡಿಸಿ ನೋಡಿ. ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆಗೆ ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಸಾಕು. ಹೂಡಿಕೆ 4 ಲಕ್ಷದೊಳಗಿದ್ದರೆ 'ಬೇಸಿಕ್ ಸರ್ವಿಸಸ್' ಖಾತೆ ಕೇಳಿ, ಅದಕ್ಕೆ ವಾರ್ಷಿಕ ನಿರ್ವಹಣಾ ಶುಲ್ಕ ಇಲ್ಲ.

ಬೀಳುವ ದಿನಗಳ ಬಗ್ಗೆಯೂ ಹೇಳಬೇಕು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಬಿತ್ತು, ಸುಮಾರು ಶೇ 13. ಆ ವಾರ ನಮ್ಮ ಅಂಗಡಿಯ ಬಾಗಿಲೂ ಹಾಕಿತ್ತು. ಮದುವೆಗಳು ಮುಂದಕ್ಕೆ ಹೋಗುತ್ತಿದ್ದವು. ಜನ ಮದುವೆಯಾಗುವುದನ್ನೇ ಬಿಡುವುದಿಲ್ಲ ಅಂತ ನಮಗೆ ಗೊತ್ತಿತ್ತು. ಆದರೆ ಅಲ್ಲಿಯ ತನಕ ಬಾಡಿಗೆ, ಸಂಬಳ, ಬಡ್ಡಿ ಕಟ್ಟಲು ಆಗಬೇಕಲ್ಲ. ನಮ್ಮ ಪೇಟೆಯಲ್ಲಿ ಸಾಲ ಕಡಿಮೆ ಇದ್ದ ಅಂಗಡಿಗಳು ಹೆಚ್ಚು ಕಷ್ಟವಿಲ್ಲದೆ ಮತ್ತೆ ಬಾಗಿಲು ತೆರೆದವು. ಅವತ್ತಿನಿಂದ ಯಾವ ವರದಿ ತೆರೆದರೂ ಲಾಭದ ಸಾಲಿಗಿಂತ ಮೊದಲು ನಾನು ಸಾಲ ಎಷ್ಟು, ಬಡ್ಡಿ ಎಷ್ಟು ಅಂತ ನೋಡುತ್ತೇನೆ. ಹಾಕುವ ಹಣಕ್ಕೂ ಇದೇ ಮಾತು. ಮಗಳ ಕಾಲೇಜು ಫೀಸಿನ ದುಡ್ಡು ಎಫ್‌ಡಿಯಲ್ಲೇ ಇರಬೇಕು. ಚೀಟಿ ಎತ್ತಿ, ಒಡವೆ ಅಡ ಇಟ್ಟು ಷೇರಿಗೆ ಹಾಕುವವರನ್ನು ಕೌಂಟರಿನಲ್ಲಿ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಹಣ ಹಾಕುವ ಫ್ಯೂಚರ್ಸ್, ಆಪ್ಶನ್ ವಹಿವಾಟಿನ ಕಡೆಗಂತೂ ಹೊಸಬರು ಹೋಗಲೇಬಾರದು. ಸೆಬಿ 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಫ್ಯೂಚರ್ಸ್ ಮತ್ತು ಆಪ್ಶನ್ಸ್‌ನಲ್ಲಿ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ಮೂರು ವರ್ಷಗಳಲ್ಲಿ ಹಣ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಈ ಅಂಕಿಯನ್ನು ತಮ್ಮನಿಗೆ ಕಳಿಸಿದ ಮೇಲೆ ಅವನು ಯಾವ ಷೇರು ಕೊಳ್ಳಬೇಕು ಅಂತ ಹೇಳುವ ಫೋನಿನ ಟಿಪ್ ಗುಂಪುಗಳಿಂದ ಹೊರಬಂದ. ವರದಿ ಓದುವ ಮನಸ್ಸು ಅವನಿಗೆ ಇನ್ನೂ ಬಂದಿಲ್ಲ. ಅಂಥವರಿಗೆ ನಿಫ್ಟಿ 50 ಇಂಡೆಕ್ಸ್ ಫಂಡಿನಲ್ಲಿ ತಿಂಗಳಿಗಿಷ್ಟು ಅಂತ ಕಟ್ಟುವ ಎಸ್‌ಐಪಿ ಇದೆ. ನಿಫ್ಟಿ ಪಟ್ಟಿಯ ಐವತ್ತು ದೊಡ್ಡ ಕಂಪನಿಗಳಲ್ಲಿ ಹಣ ಹಂಚಿಹೋಗುತ್ತದೆ, ಯಾವುದು ಅಂತ ಆರಿಸುವ ಗೋಜಿಲ್ಲ. ನನ್ನ ಉಳಿತಾಯದಲ್ಲೂ ಷೇರಿಗೆ ಅಂತ ಇಟ್ಟದ್ದರ ದೊಡ್ಡ ಭಾಗ ಅಲ್ಲಿಗೇ ಹೋಗುತ್ತದೆ.

ಅಕ್ಕನ ಮಗಳು ಮೈಸೂರಿನ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೂ ಇದೇ ಹೇಳಿದೆ. ಈಗ ಅವಳು ಲ್ಯಾಬ್ ಕಂಪನಿಗಳ ವರದಿ ಓದುತ್ತಿದ್ದಾಳೆ. ಒಂದು ಪರೀಕ್ಷೆಗೆ ರಾಸಾಯನಿಕದ ಖರ್ಚು ಎಷ್ಟು, ಯಂತ್ರ ಸ್ವಂತದ್ದೋ ಬಾಡಿಗೆಯದೋ, ಇದೆಲ್ಲ ನನಗಿಂತ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮೊನ್ನೆ ಫೋನ್ ಮಾಡಿ, "ಚಿಕ್ಕಮ್ಮ, ರಿಲೇಟೆಡ್ ಪಾರ್ಟಿ ಅಂತ ಒಂದು ಪಟ್ಟಿ ಇದೆಯಲ್ಲ, ಬಿಟ್ಟುಬಿಡಲಾ?" ಅಂತ ಕೇಳಿದಳು. ಬಿಡಬೇಡ ಅಂದೆ. ಕಂಪನಿ ನಡೆಸುವವರ ಮನೆಯವರಿಗೆ, ಅವರ ಬೇರೆ ಕಂಪನಿಗಳಿಗೆ ಎಷ್ಟು ಬಾಡಿಗೆ, ಸಂಬಳ, ಸಾಲ ಹೋಗಿದೆ ಎಂಬ ಲೆಕ್ಕ ಇರುವುದು ಅಲ್ಲೇ. ಹಿಂದಿನ ವರ್ಷದ ಅಂಕಿಯೂ ಪಕ್ಕದಲ್ಲೇ ಇರುತ್ತದೆ. ಎರಡನ್ನೂ ಹೋಲಿಸಿ, ಯಾವುದು ಏಕಾಏಕಿ ಏರಿದೆಯೋ ಅದನ್ನು ಗುರುತು ಹಾಕಿ ಕಳಿಸು, ಭಾನುವಾರ ಇಬ್ಬರೂ ಕೂತು ನೋಡೋಣ ಅಂತ ಹೇಳಿದ್ದೇನೆ.