ಮಕ್ಕಳು ಹೊರಟ ಮನೆ: ಕೆಳಗಿನ ಬಚ್ಚಲು, ಆರನೇ ವಾರದವರೆಗೆ

ಮೈಸೂರು, 30×40 ನಿವೇಶನ, ಎರಡು ಅಂತಸ್ತು. ಮಹಡಿಯ ಎರಡೂ ಕೋಣೆ ಖಾಲಿ. ಇನ್ನು ಇಬ್ಬರ ವಾಸ ಕೆಳಗೇ. ಬಣ್ಣ, ವಾರ್ಡ್‌ರೋಬ್ ಯಾವಾಗ ಬೇಕಾದರೂ ಆದೀತು. 5×7 ಅಡಿಯ ಬಚ್ಚಲನ್ನು ಮುಪ್ಪಿಗೆ ಹೊಂದಿಸುವ ಕೆಲಸ ಮಾತ್ರ ಮಂಡಿ ಗಟ್ಟಿಯಿರುವಾಗಲೇ ಮುಗಿಯಬೇಕು.

ವಾರ 1: ಬಾಗಿಲು. ಹಳೆಯ ಎರಡೂವರೆ ಅಡಿ ಚೌಕಟ್ಟಿನಲ್ಲಿ ಓಡಾಟಕ್ಕೆ ಸಿಗುವುದು ಸುಮಾರು 26 ಇಂಚು. ಗಾಲಿಕುರ್ಚಿಗೆ 32 ಇಂಚಾದರೂ ಬೇಕು. ಮೂರು ಅಡಿಯ ಚೌಕಟ್ಟು, ಹೊಸ ಲಿಂಟಲ್ (ಬಾಗಿಲ ಮೇಲಿನ ತೊಲೆ), ಎರಡೂ ಕಡೆ ಗೋಡೆಯ ಮೇಲೆ 6 ಇಂಚು ಕೂರುವಂತೆ. ಬಾಗಿಲು ಹೊರಗೆ ತೆರೆಯುತ್ತದೆ: ಒಳಗೆ ಬಿದ್ದವರ ಮೈ ಅಡ್ಡ ಬಂದರೆ ಒಳಮುಖದ ಬಾಗಿಲು ತಳ್ಳಲಾಗದು. ಚಿಲಕವೂ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯುವಂಥದ್ದು. ಈ ಒಡೆಯುವ ಕೆಲಸ ವಾಟರ್‌ಪ್ರೂಫಿಂಗ್‌ಗಿಂತ ಮೊದಲೇ ಆಗಬೇಕು, ಇಲ್ಲವಾದರೆ ಸುತ್ತಿಗೆ ಏಟಿಗೆ ಲೇಪನ ಬಿರಿಯುತ್ತದೆ.

ವಾರ 2–3: ನೆಲ. ಹಳೆ ಟೈಲ್ಸ್ ಕಿತ್ತು, ನಹಾನಿ ಟ್ರ್ಯಾಪ್ (ನೆಲದ ನೀರು ಇಳಿದು ಹೋಗುವ, ವಾಸನೆ ತಡೆಯಲು ಒಳಗೆ ನೀರು ನಿಲ್ಲುವ ಬಾಯಿ) ಬದಲಿಸಿ, ಗೋಡೆ-ನೆಲ ಸೇರುವ ಮೂಲೆಗಳನ್ನು ಗಾರೆಯಿಂದ ಓರೆಯಾಗಿ ತುಂಬಿದ್ದಾಯಿತು. ಪಾಲಿಮರ್-ಸಿಮೆಂಟ್ ಲೇಪನ ಎರಡು ಕೋಟ್: ಮೊದಲನೆಯದು ಉದ್ದಕ್ಕೆ, ಮರುದಿನ ಎರಡನೆಯದು ಅಡ್ಡಕ್ಕೆ. ಗೋಡೆಗೆ ಒಂದಡಿ, ಶವರ್ ಕೆಳಗೆ ಆರಡಿ ಎತ್ತರ. 15 ಕೆ.ಜಿ.ಯ ಒಂದು ಸೆಟ್ ಸಾಕಾಯಿತು.

ಸೋರುತ್ತದೆಯೇ ಎಂದು ನೋಡಲು ಮೂರು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು 48 ಗಂಟೆ ಬಿಟ್ಟರೆ ಮಟ್ಟ ಒಂದು ಸೆಂ.ಮೀ. ಇಳಿದಿತ್ತು. ಮುಚ್ಚಿದ ಬಚ್ಚಲಲ್ಲಿ ಅಷ್ಟು ಆರುವುದಿಲ್ಲ. ಸೋರಿದ್ದು ಟ್ರ್ಯಾಪಿನ ಕತ್ತಿನಲ್ಲಿ: ನುಣುಪಾದ ಪಿವಿಸಿ ಪೈಪಿಗೆ ಮಾಮೂಲಿ ಗಾರೆ ಹಿಡಿಯದೆ, ಒಣಗುವಾಗ ಕುಗ್ಗಿ ಕೂದಲೆಳೆ ಬಿರುಕು ಬಿಟ್ಟಿತ್ತು. ಸುತ್ತ ಕೊರೆದು, ಪೈಪನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ, ಕುಗ್ಗದ ಗ್ರೌಟ್ (ಸಂದಿ ತುಂಬುವ ಗಾರೆ) ತುಂಬಿ, ಮೇಲೆ ಫೈಬರ್ ಜಾಲರಿ ಕೂರಿಸಿ ಮತ್ತೆ ಎರಡು ಕೋಟ್. ಎರಡನೇ ಪರೀಕ್ಷೆಯಲ್ಲಿ ಗೆರೆ ಕದಲಲಿಲ್ಲ. 'ಇಷ್ಟೇ ಅಲ್ವಾ' ಎಂದು ಮೇಸ್ತ್ರಿ ಈ ಪರೀಕ್ಷೆ ಬಿಡಿಸಲು ನೋಡುವುದು ಮಾಮೂಲಿ, ಬಿಡಬೇಡಿ.

ವಾಟ (ನೀರು ಹರಿಯಲು ನೆಲದ ಇಳಿಜಾರು): ಮೀಟರಿಗೆ 12 ಮಿ.ಮೀ., ಅಂದರೆ ಏಳು ಅಡಿಗೆ ಒಂದಿಂಚು. ರಸಮಟ್ಟವನ್ನೇ ನಂಬದೆ ಒಂದು ಚೊಂಬು ನೀರು ಸುರಿದು ನೋಡುವುದು ಒಳ್ಳೆಯದು. 12×12 ಇಂಚಿನ ಮ್ಯಾಟ್ ಟೈಲ್ಸ್, ತುಂಡಿಗೂ ಸೇರಿ 40. ದೊಡ್ಡ ಟೈಲ್ ಹಾಕಿದ್ದರೆ ನಾಲ್ಕೂ ಕಡೆಯಿಂದ ಟ್ರ್ಯಾಪಿಗೆ ವಾಟ ತಿರುಗಿಸುವುದು ಕಷ್ಟ. ಸಂದಿಗೆ ಎಪಾಕ್ಸಿ ಗ್ರೌಟ್.

ವಾರ 4: ಹಿಡಿದು ಏಳಲು ಬೇಕಾದ ಹಿಡಿಕಂಬಿಯ ತಯಾರಿ. ಇದು ಗೋಡೆಗೆ ಟೈಲ್ಸ್ ಕೂರಿಸುವ ಮುಂಚಿನ ಕೆಲಸ. ಗೋಡೆ 4 ಇಂಚಿನ ಹಾಲೋ ಬ್ಲಾಕಿನದು. ಆಂಕರ್ ಬೋಲ್ಟ್ ಪೊಳ್ಳಿನಲ್ಲಿ ಸುಮ್ಮನೆ ಸುತ್ತುತ್ತದೆ. ಕಂಬಿಯ ಕಾಲು ಬರುವ ಕಡೆ 6×6 ಇಂಚು ಒಡೆದು, ಸಣ್ಣ ಜಲ್ಲಿಯ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿ ಏಳು ದಿನ ನೀರುಣಿಸಿದ್ದೇವೆ. ಲೇಪನವಿದ್ದ ಕಡೆ ಒಡೆದಿದ್ದರೆ ಅಲ್ಲಿ ಮತ್ತೆ ಹಚ್ಚಬೇಕು. ಟೇಪ್ ಹಿಡಿದು ತೆಗೆದ ಫೋಟೋ ಇಟ್ಟುಕೊಳ್ಳದಿದ್ದರೆ ಟೈಲ್ಸ್ ಮುಚ್ಚಿದ ಮೇಲೆ ಆ ಜಾಗ ಸಿಗದು.

ವಾರ 6: ಕಂಬಿಯ ಜೋಡಣೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, 32 ಮಿ.ಮೀ. ದಪ್ಪ, ಗೋಡೆಯಿಂದ 40 ಮಿ.ಮೀ. ದೂರ. ಶವರ್ ಪಕ್ಕ 34 ಇಂಚು ಎತ್ತರ, ಕಮೋಡ್ ಪಕ್ಕ 28. ಕಮೋಡಿನ ಸೀಟು 18 ಇಂಚು. ಮಾಮೂಲಿ 16ಕ್ಕಿಂತ ಎದ್ದೇಳುವುದು ಸಲೀಸು. ಟೈಲ್ ಬಿರಿಯದಂತೆ, ಅದನ್ನು ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಆಫ್ ಇರಲಿ.

ಮಹಡಿ ಬಚ್ಚಲು: ಬಳಸದಿದ್ದರೆ ಟ್ರ್ಯಾಪಿನ ನೀರು ಆರಿ ಚರಂಡಿ ವಾಸನೆ, ಜಿರಲೆ ಎರಡೂ ಮೇಲೆ ಬರುತ್ತವೆ. ವಾರಕ್ಕೊಂದು ಚೊಂಬು ನೀರು ಸಾಕು. ಊರಿಗೆ ಹೊರಟರೆ, ಟ್ರ್ಯಾಪಿನ ನೀರು ಆರದಂತೆ ಅದರ ಮೇಲೆ ಎರಡು ಚಮಚ ಲಿಕ್ವಿಡ್ ಪ್ಯಾರಾಫಿನ್. ಕೊಬ್ಬರಿ ಎಣ್ಣೆ ಬೇಡ, ಡಿಸೆಂಬರಿನಲ್ಲಿ ಹೆಪ್ಪುಗಟ್ಟುತ್ತದೆ.

ಸೋಲಾರ್: ಕೇಂದ್ರದ ತಾರಸಿ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂ. ಸಬ್ಸಿಡಿ ಇದೆ, ನಿಜ. ಅದರಿಂದ ದಿನಕ್ಕೆ ಸುಮಾರು 12 ಯೂನಿಟ್. ಇಬ್ಬರ ತಿಂಗಳ ಬಳಕೆಯೇ 90 ಯೂನಿಟ್, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಮಹಡಿ ಬಾಡಿಗೆಗೆ ಹೋಗುವವರೆಗೆ ಮುಂದಕ್ಕೆ ಹಾಕಿದ್ದೇವೆ.

ಮುಂದಿನ ವಾರ: ಮೆಟ್ಟಿಲಿನ ಗೋಡೆ ಬದಿಗೂ ಕೈಹಿಡಿ, ಹಾಸಿಗೆ ಪಕ್ಕ ಟೂ-ವೇ ಸ್ವಿಚ್ (ಒಂದೇ ದೀಪಕ್ಕೆ ಎರಡು ಕಡೆ ಸ್ವಿಚ್), ಗೀಸರ್ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್).