ಬಾಗಿಲ ಪಕ್ಕದ ಗೋಡೆ

ಪ್ಯಾಸೇಜಿಗೂ ಮುಂಬಾಗಿಲ ಬಳಿಯ ಗೋಡೆಗೂ ನಾನೇ ಬಣ್ಣ ಹೊಡೆದು ಮುಗಿಸಿದೆ. ಮೂರು ದಿನ ಹಿಡಿಯಿತು.

ಅದರಲ್ಲಿ ಎರಡು ದಿನ ಹೋಗಿದ್ದು ಗೋಡೆಯನ್ನು ಸಿದ್ಧ ಮಾಡುವುದಕ್ಕೇ. ಸಾಬೂನು ನೀರಿನಲ್ಲಿ ಒರೆಸಿದೆ, ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿದೆ, ಒಣಗಿದ ಮೇಲೆ 180 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದೆ. ಆಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಹಚ್ಚುವ ತಳಪದರ. ಇದನ್ನು ಮಾತ್ರ ಬಿಡಬೇಡಿ. ಪ್ರೈಮರ್ ಇಲ್ಲದಿದ್ದರೆ ಪುಟ್ಟಿ ಇರುವ ಜಾಗ ಬಣ್ಣವನ್ನು ಜಾಸ್ತಿ ಹೀರಿಕೊಂಡು ಅಲ್ಲಲ್ಲಿ ಮಂಕಾಗಿ ಕಾಣುತ್ತದೆ. ಓಡಾಡುವ ಜಾಗ, ಕೈ ಭುಜ ತಾಗುತ್ತಲೇ ಇರುತ್ತದೆ. ಅದಕ್ಕೇ ಒರೆಸಿದರೂ ತಡೆಯುವ, ತೆಳು ಹೊಳಪಿನ ಸ್ಯಾಟಿನ್ ಫಿನಿಶ್ ಬಣ್ಣ ಆರಿಸಿಕೊಂಡೆ. ಎರಡು ಕೋಟ್ ಸಾಕಾಯಿತು.

ಸ್ವಿಚ್ ಪಕ್ಕ ಒಂದು ಕಪ್ಪು ಕಲೆ ಇತ್ತು. ಎಷ್ಟೋ ವರ್ಷ ಕತ್ತಲಲ್ಲಿ ಮನೆಗೆ ಬಂದ ನಾವೆಲ್ಲ ತಡಕಾಡಿ ತಡಕಾಡಿ ಆದ ಕಲೆ. ಅದನ್ನು ಉಜ್ಜುವಾಗ ಕೈ ಸ್ವಲ್ಪ ಹೊತ್ತು ಸುಮ್ನೆ ನಿಂತಿತು. ಇಲ್ಲಿ ಯಾರೂ ಕೂರುವುದಿಲ್ಲ. ಆದರೂ ಮನೆಯವರೆಲ್ಲ ದಿನಾ ಮುಟ್ಟುವ ಗೋಡೆ ಇದೇ ಅಲ್ವಾ?

ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಅಂಚಿಗೆ ಬಣ್ಣ ತಾಗದಂತೆ ಅಂಟಿಸಿದ್ದ ಮಾಸ್ಕಿಂಗ್ ಟೇಪ್ ಮೆಲ್ಲಗೆ ಕಿತ್ತೆ. ಅಂಚು ಗೆರೆ ಎಳೆದ ಹಾಗೆ ನೇರವಾಗಿ ಬಂದಿದೆ. ತುಂಬಾ ಖುಷಿಯಾಗಿದೆ. ಇನ್ನು ಬಾಗಿಲ ಚೌಕಟ್ಟು ಬಾಕಿ, ಮುಂದಿನ ಭಾನುವಾರಕ್ಕೆ.